ಇಸಿಎಂ ಹೋಗಿದೆ ಎನ್ನುವ ಮೊದಲು: ಹಳೆಯ ಕಾರಿನ ಮಾಡ್ಯೂಲ್ ದೋಷ ಹುಡುಕುವ ಬಗೆ

ಧಾರವಾಡದ ಜಿಟಿಜಿಟಿ ಮಳೆಗೆ ಛತ್ರಿ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ನೆಗಡಿ. ಅಂಥದೊಂದು ಜುಲೈ ಸಂಜೆ ಹುಬ್ಬಳ್ಳಿಗೆ ಬರುತ್ತಿದ್ದಾಗ ನನ್ನ 2007ರ ಪೆಟ್ರೋಲ್ ಕಾರು ಉಣಕಲ್ ಕೆರೆಯ ಹತ್ತಿರ ಎರಡು ಸಲ ಕೆಮ್ಮಿ ನಿಂತಿತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ಎಳೆಸಿಕೊಂಡು ಹೋದ ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಹಾಕಿದರು, ಅದು ಮಾತಾಡಲಿಲ್ಲ. ಹತ್ತು ನಿಮಿಷದಲ್ಲಿ ತೀರ್ಪು ಬಂತು: "ಇಸಿಎಂ ಹೋಗಿದೆ ಸರ್. ಹೊಸದಕ್ಕೆ ಇಪ್ಪತ್ತೆರಡು ಸಾವಿರ, ಕೋಡಿಂಗ್ ಬೇರೆ." ಇಸಿಎಂ ಎಂದರೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್, ಎಂಜಿನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಆ ಕಾರನ್ನು ಮಾರಿದರೆ ಬರುವ ಹಣದಲ್ಲಿ ಮೂರನೇ ಒಂದು ಪಾಲು ಆ ಬೆಲೆ.

ಗೋಕುಲ ರಸ್ತೆಯ ಒಳಗಲ್ಲಿಯೊಂದರಲ್ಲಿ ವೈರಿಂಗ್ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಆ ಓಣಿಯಲ್ಲಿ ಎಲ್ಲರಿಗೂ ಅವರು ಕಾಕಾ. ಮರುದಿನ ಬಂದವರು ಸ್ಕ್ಯಾನರ್ ಕೇಳಲಿಲ್ಲ. ಎರಡು ವೈರು ಬೆಸೆದ ಇಂಡಿಕೇಟರ್ ಬಲ್ಬೊಂದನ್ನು ಅಂಗಿಯ ಜೇಬಿನಿಂದ ತೆಗೆದು, "ಡಬ್ಬಿಗೆ ಊಟ ಮುಟ್ಟುತ್ತಿದೆಯೋ ಇಲ್ಲವೋ ಮೊದಲು ನೋಡೋಣ, ತಡೆಯಿರಿ" ಎಂದರು. ಈ ಬರಹ ಬಹುಮಟ್ಟಿಗೆ ಆ ಬಲ್ಬಿನ ಬಗ್ಗೆಯೇ.

ಇಲ್ಲಿ ಹೇಳುತ್ತಿರುವುದು ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಇಂಧನ ಚಿಮ್ಮಿಸುವ) ಪೆಟ್ರೋಲ್ ಕಾರುಗಳ ಮಾತು. 1998ರಲ್ಲಿ ಬಂದ ಸ್ಯಾಂಟ್ರೊ ಕಾಲದಿಂದ ಹಿಡಿದು 2012-13ರ ತನಕದ ಗಾಡಿಗಳು ಎಂದುಕೊಳ್ಳಿ. ಕಾಮನ್ ರೈಲ್ ಡೀಸೆಲ್ ಕಾರಿಗೂ ಪವರ್ ಮತ್ತು ಅರ್ಥ್ ಪರೀಕ್ಷೆ ಇದೇ. ಆದರೆ ಅದರ ಇಂಜೆಕ್ಟರ್ ತಂತಿಗಳಲ್ಲಿ 60 ವೋಲ್ಟಿಗೂ ಮೀರಿದ ಹೊಡೆತ ಇರುತ್ತದೆ. ಎಂಜಿನ್ ಓಡುತ್ತಿರುವಾಗ ಅಲ್ಲಿ ಕೈ ಹಾಕಬೇಡಿ.

ಕೈಯಲ್ಲಿ ಇರಬೇಕಾದದ್ದು

ಒಂದು ಡಿಜಿಟಲ್ ಮಲ್ಟಿಮೀಟರ್. ಮುಳ್ಳು ಆಡುವ ಹಳೆಯ ಮೀಟರ್ ಬೇಡ, ಅದು ಸೆನ್ಸರ್ ತಂತಿಯಿಂದ ತಾನೇ ಕರೆಂಟ್ ಎಳೆದು ಲೆಕ್ಕ ತಪ್ಪಿಸುತ್ತದೆ. 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಒಂದು, ಅದಕ್ಕೆ ಉದ್ದನೆಯ ಎರಡು ವೈರು, ತುದಿಗೆ ಹಲ್ಲಿನ ಕ್ಲಿಪ್. ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿ, ಪಾಲಿಶ್ ಪೇಪರ್, ನಾಲ್ಕಾರು ಸೀರೆ ಪಿನ್ನು. ಬ್ಲೂಟೂತ್‌ನಲ್ಲಿ ಮೊಬೈಲಿಗೆ ಹೊಂದುವ ಇಎಲ್‌ಎಂ327 ಬಗೆಯ ಸಣ್ಣ ಸ್ಕ್ಯಾನರ್ ಇದ್ದರೆ ಒಳ್ಳೆಯದು. ಇವೆಲ್ಲಕ್ಕಿಂತ ಮುಖ್ಯ ನಿಮ್ಮ ಕಾರಿನ, ನಿಮ್ಮ ವರ್ಷದ ವೈರಿಂಗ್ ಚಿತ್ರ. ಇಸಿಎಂ ಕಪ್ಲರಿನಲ್ಲಿ (ತಂತಿಗಳ ಗೊಂಚಲನ್ನು ಪೆಟ್ಟಿಗೆಗೆ ಕೂಡಿಸುವ ಪ್ಲಗ್) ಯಾವ ಪಿನ್ ಅರ್ಥ್, ಯಾವುದು ಪವರ್ ಎಂದು ಗೊತ್ತಿಲ್ಲದೆ ಮುಂದಿನ ಕೆಲಸಕ್ಕೆ ಇಳಿಯಬೇಡಿ. ತಂತಿಯ ಬಣ್ಣ ನೋಡಿ ಊಹಿಸುವುದು ಕೂಡದು.

ಎರಡು ಎಚ್ಚರಿಕೆ. ಬಲ್ಬನ್ನು ಪವರ್ ಮತ್ತು ಅರ್ಥ್ ತಂತಿಗಳಿಗೆ ಮಾತ್ರ ತಗಲಿಸಬೇಕು. 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ; ಸೆನ್ಸರಿನ ತಂತಿಗೆ ತಗಲಿಸಿದರೆ ಚೆನ್ನಾಗಿದ್ದ ಇಸಿಎಂ ಅನ್ನು ನಿಮ್ಮ ಕೈಯಾರೆ ಸುಟ್ಟಂತೆ. ಎರಡನೆಯದು, ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು. ಅದರ ಮೇಲೆ ಮೀಟರನ್ನೂ ಇಡಬೇಡಿ. ಅದರ ಹತ್ತಿರ ಕೆಲಸವಿದ್ದರೆ ಬ್ಯಾಟರಿಯ ಮೈನಸ್ ಬಿಚ್ಚಿ ಕೆಲವು ನಿಮಿಷ ಕಾದು ಮುಂದುವರಿಯಿರಿ.

ಮೊದಲು ಕೀಲಿ ತಿರುಗಿಸಿ, ನೋಡಿ, ಕೇಳಿ

ಸೆಲ್ಫ್ ಹೊಡೆಯದೆ ಕೀಲಿಯನ್ನು 'ಆನ್'ಗೆ ತನ್ನಿ. ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಚೆಕ್ ಲೈಟ್ ಹೊತ್ತಿಕೊಂಡಿತೇ? ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪು ಎರಡು ಮೂರು ಸೆಕೆಂಡು ಗುಂಯ್ ಎಂದು ಸುಮ್ಮನಾಯಿತೇ? ಎರಡೂ ಆದರೆ ಇಸಿಎಂ ಉಸಿರಾಡುತ್ತಿದೆ. ಆಗ ದೋಷ ಬಹುತೇಕ ಬೇರೆ ಕಡೆ ಇರುತ್ತದೆ.

ಚೆಕ್ ಲೈಟ್ ಹೊತ್ತಲೇ ಇಲ್ಲವೆಂದರೆ ಮೂರು ಸಾಧ್ಯತೆ: ಆ ಬಲ್ಬೇ ಸುಟ್ಟಿದೆ, ಇಸಿಎಂಗೆ ಪವರ್ ಅಥವಾ ಅರ್ಥ್ ಮುಟ್ಟುತ್ತಿಲ್ಲ, ಇಲ್ಲವೇ ಪೆಟ್ಟಿಗೆ ನಿಜಕ್ಕೂ ಸತ್ತಿದೆ. ನನ್ನ ಕಾರಿನಲ್ಲಿ ಹೊತ್ತಿರಲಿಲ್ಲ. ಮಳೆಯ ಗಡಿಬಿಡಿಯಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ಗಮನಿಸಿದ್ದರೆ ಸ್ಕ್ಯಾನರ್ ಯಾಕೆ ಮಾತಾಡಲಿಲ್ಲವೆಂದು ಆಗಲೇ ತಿಳಿಯುತ್ತಿತ್ತು.

ಕೀಲಿಯ ಅಥವಾ ಬೀಗದ ಚಿತ್ರವಿರುವ ದೀಪ ಮಿನುಗುತ್ತಿದ್ದರೆ ಅದು ಇಮೊಬಿಲೈಜರ್. ಕೀಲಿಯಲ್ಲಿರುವ ಚಿಪ್ ಇಸಿಎಂಗೆ ಗುರುತು ಸಿಗುತ್ತಿಲ್ಲ. ಬೀರುವಿನಲ್ಲಿರುವ ಇನ್ನೊಂದು ಕೀಲಿ ತಂದು ನೋಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಒಂದಿಷ್ಟೂ ಅಲುಗದಿದ್ದರೆ ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಮೇಲೆ ಅನುಮಾನ ಪಡಿ. ಏಪ್ರಿಲ್ ಬಿಸಿಲಿನಲ್ಲಿ ಗದಗ ರಸ್ತೆಯಲ್ಲಿ ನಿಂತು, ನೆರಳಿನಲ್ಲಿ ಒಂದು ತಾಸು ತಣಿದ ಮೇಲೆ ಏನೂ ಆಗದವರಂತೆ ಹೊರಡುವ ಕಾರುಗಳಲ್ಲಿ ನಾನು ಮೊದಲು ನೋಡುವುದು ಅದನ್ನೇ. ಬಿಸಿಯಾದಾಗ ಅದರ ಒಳಗಿನ ಸುರುಳಿ ತಂತಿ ಬಿಟ್ಟುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ.

ಬ್ಯಾಟರಿ ಮತ್ತು ಡೈನಮೊ

ಬೇಗ ಮುಗಿಯುವ ಕೆಲಸ, ಆದರೆ ಬಿಡುವಂತಿಲ್ಲ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಬದಲಿಸಿದ ಮೇಲೆಯೇ ಮುಂದಿನ ಮಾತು. ವೋಲ್ಟೇಜ್ ಅಷ್ಟು ಕುಸಿದಾಗ ಮಾಡ್ಯೂಲುಗಳು ಇಲ್ಲದ ದೋಷದ ಕೋಡುಗಳನ್ನು (ಯಾವ ದೋಷವೆಂದು ಹೇಳುವ ಸಂಖ್ಯೆಗಳು) ಕಕ್ಕುತ್ತವೆ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. 15 ದಾಟಿದರೆ ಡೈನಮೊದ ರೆಗ್ಯುಲೇಟರ್ ಕೆಟ್ಟಿದೆ. ಅದನ್ನು ಸರಿಪಡಿಸದೆ ಹೊಸ ಇಸಿಎಂ ಹಾಕುವುದು ದುಡ್ಡನ್ನು ಒಲೆಗೆ ಹಾಕಿದ ಹಾಗೆ. ಹೆಡ್‌ಲೈಟ್ ಹಚ್ಚಿ, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲಿಡಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡೈನಮೊದ ಡಯೋಡ್ ಹೋಗಿದೆ. ಆ ಅಲೆಯೂ ಇಸಿಎಂನ ತಲೆ ಕೆಡಿಸುತ್ತದೆ.

ಇನ್ನೊಬ್ಬರ ಗಾಡಿಯಿಂದ ಕರೆಂಟ್ ಕೊಡುವಾಗ ಪ್ಲಸ್ ಮೈನಸ್ ಅದಲುಬದಲಾಗಿತ್ತೇ, ಇತ್ತೀಚೆಗೆ ಸೈಲೆನ್ಸರಿಗೆ ವೆಲ್ಡಿಂಗ್ ಮಾಡಿಸಿದಿರೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೌದಾದರೆ ಪೆಟ್ಟಿಗೆಯ ಮೇಲಿನ ಅನುಮಾನಕ್ಕೆ ತೂಕ ಬಂತು.

ಕೋಡ್ ಓದುವುದು

ನಮ್ಮ ದೇಶದಲ್ಲಿ ಬಿಎಸ್4 ಹೊಗೆ ನಿಯಮದ ಜೊತೆಗೆ 2010ರಲ್ಲಿ ಓಬಿಡಿಯ (ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಹೇಳುವ ವ್ಯವಸ್ಥೆ) ಮೊದಲ ಹಂತ, 2013ರಲ್ಲಿ ಎರಡನೆಯ ಹಂತ ಕಡ್ಡಾಯವಾದವು. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳಲ್ಲಿ 16 ಪಿನ್ನಿನ ಸಾಕೆಟ್ ಇದ್ದರೂ ಅವು ಆಡುವುದು ತಮ್ಮ ಕಂಪನಿಯ ಭಾಷೆ. ಅಗ್ಗದ ಸ್ಕ್ಯಾನರಿಗೆ ಅದು ಅರ್ಥವಾಗುವುದಿಲ್ಲ. ಆದ್ದರಿಂದ 'ಸ್ಕ್ಯಾನರ್ ಕನೆಕ್ಟ್ ಆಗಲಿಲ್ಲ, ಇಸಿಎಂ ಹೋಗಿದೆ' ಎಂಬ ತರ್ಕ ನಿಲ್ಲುವುದಿಲ್ಲ. ಸಾಕೆಟ್ಟಿನ 16ನೇ ಪಿನ್ನಿನಲ್ಲಿ ಬ್ಯಾಟರಿಯ ವೋಲ್ಟೇಜ್, 4 ಮತ್ತು 5ರಲ್ಲಿ ಅರ್ಥ್ ಇದೆಯೇ ನೋಡಿ. ಹಲವು ಕಾರುಗಳಲ್ಲಿ ಸಿಗರೇಟ್ ಲೈಟರಿನ ಫ್ಯೂಸ್ ಹೋದರೆ ಈ ಸಾಕೆಟ್ಟೂ ಸತ್ತಿರುತ್ತದೆ. ಇನ್ನೂ ಹಳೆಯ ಗಾಡಿಗಳಲ್ಲಿ ಡಯಾಗ್ನೋಸಿಸ್ ಕಪ್ಲರಿನ ಎರಡು ಪಿನ್ ಕೂಡಿಸಿ ಚೆಕ್ ಲೈಟ್ ಎಷ್ಟು ಸಲ ಮಿನುಗಿತೆಂದು ಎಣಿಸಿದರೆ ಕೋಡ್ ಸಿಗುತ್ತದೆ. ಯಾವ ಎರಡು ಎಂಬುದನ್ನು ಆ ಗಾಡಿಯ ಮ್ಯಾನ್ಯುಯಲ್ ನೋಡಿಯೇ ಮಾಡಬೇಕು.

ಕೋಡ್ ಸಿಕ್ಕರೆ ಅಳಿಸುವ ಮೊದಲು ಕಾಗದದಲ್ಲಿ ಬರೆದುಕೊಳ್ಳಿ. ಅಳಿಸುವ ಚಟ ಬಹಳ ಜನರಿಗಿದೆ. ಅದು ಕಳ್ಳನ ಹೆಜ್ಜೆ ಗುರುತನ್ನು ನಾವೇ ಗುಡಿಸಿದ ಹಾಗೆ. ಒಂದೇ ಸೆನ್ಸರಿನ ಕೋಡ್ ಇದ್ದರೆ ಆ ಸೆನ್ಸರ್, ಅದರ ತಂತಿ, ಅದರ ಕಪ್ಲರ್ ನೋಡಿ. ಸಂಬಂಧವಿಲ್ಲದ ನಾಲ್ಕೈದು ಸೆನ್ಸರುಗಳ ಕೋಡ್ ಒಟ್ಟಿಗೆ ಬಂದಿದ್ದರೆ ಅವೆಲ್ಲ ಒಂದೇ ದಿನ ಕೆಟ್ಟಿರಲಾರವು. ಅವುಗಳಿಗೆಲ್ಲ ಸಾಮಾನ್ಯವಾದ ಅರ್ಥ್ ಅಥವಾ 5 ವೋಲ್ಟಿನ ತಂತಿಗೆ ಏನೋ ಆಗಿದೆ. ಪಿ0562 ವೋಲ್ಟೇಜ್ ಕಡಿಮೆ ಎನ್ನುತ್ತದೆ. ಪಿ0605, ಪಿ0606 ಪೆಟ್ಟಿಗೆಯ ಒಳಗಿನ ದೂರು. ಆದರೆ ಪವರ್ ಕುಸಿದಾಗಲೂ ಇವು ಕಾಣಿಸಿಕೊಳ್ಳಬಹುದು. ಆದ್ದರಿಂದ ಇವು ಕಂಡ ಕೂಡಲೇ ಪೆಟ್ಟಿಗೆಗೆ ಎಳ್ಳುನೀರು ಬಿಡಬೇಡಿ.

ಬಲ್ಬಿನ ಪರೀಕ್ಷೆ

ಈಗ ಕಾಕಾ ಮಾಡಿದ ಕೆಲಸಕ್ಕೆ ಬರೋಣ. ಅವರು ಇಸಿಎಂ ಕಪ್ಲರ್ ಬಿಚ್ಚಿ, ಚಿತ್ರದಲ್ಲಿ ಅರ್ಥ್ ಪಿನ್ ಹುಡುಕಿ, ಮೊದಲು ನನ್ನ ಮೀಟರಿನಿಂದಲೇ ನೋಡಿದರು. ಬ್ಯಾಟರಿ ಪ್ಲಸ್‌ನಿಂದ ಆ ಪಿನ್ನಿಗೆ 12.4 ವೋಲ್ಟ್. ತಂತಿ ಕೂಡಿದೆಯೇ ಎಂದು ನೋಡುವ ಕಂಟಿನ್ಯುಯಿಟಿಗೆ ಹಾಕಿದರೆ ಬೀಪ್ ಎಂದಿತು. ಅರ್ಥ್ ಸರಿಯಾಗಿದೆ ಎಂದೇ ನಾನು ತಿಳಿದೆ. ಆಮೇಲೆ ಮೀಟರಿನ ಜಾಗದಲ್ಲಿ ಬಲ್ಬ್ ಇಟ್ಟರು. ಬಲ್ಬಿನ ತಂತಿ ಊದುಬತ್ತಿಯ ತುದಿಯಂತೆ ಕೆಂಪಗಾಯಿತು, ಅಷ್ಟೆ. ಬ್ಯಾಟರಿಗೆ ನೇರವಾಗಿ ಹಿಡಿದಾಗ ಕಣ್ಣು ಕುಕ್ಕಿತು.

ಇದರ ಗುಟ್ಟು ಸರಳವಾಗಿದೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಇಪ್ಪತ್ತು ಎಳೆಗಳ ತಂತಿಯಲ್ಲಿ ಹತ್ತೊಂಬತ್ತು ಕಡಿದು ಒಂದೇ ಉಳಿದು, ಅದಕ್ಕೂ ಕಿಲುಬು ಹಿಡಿದಿದ್ದರೂ ಮೀಟರಿಗೆ ಅದು ಸಾಕು. ಬಲ್ಬಿಗೂ ಇಸಿಎಂಗೂ ಸಾಲದು. ಬೇಸಿಗೆಯಲ್ಲಿ ನಲ್ಲಿಯ ಪೈಪಿನಲ್ಲಿ ಒತ್ತಡ ಇದೆಯೆಂದು ಬೆರಳಿಟ್ಟು ಹೇಳಬಹುದು. ಕೊಡ ತುಂಬುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಹುಬ್ಬಳ್ಳಿಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ತಂತಿ ಹಿಡಿದು ಹೋದಾಗ ಅದು ಬ್ಯಾಟರಿ ಟ್ರೇಯ ಕೆಳಗೆ ಗೇರ್‌ಬಾಕ್ಸಿಗೆ ಬಿಗಿದ ಬೋಲ್ಟಿಗೆ ಮುಟ್ಟಿತು. ಮೇಲೆ ಬ್ಯಾಟರಿಯ ಆಸಿಡ್ ಆವಿ, ಕೆಳಗೆ ರಸ್ತೆಯ ನೀರು. ತಂತಿಯ ತುದಿಯ ಲೋಹದ ಬಳೆ, ಅಂದರೆ ಲಗ್‌ನ ಸುತ್ತ ಕಿಲುಬು ಹಸಿರು ಪುಡಿಯಾಗಿ ಕೂತಿತ್ತು. ಕಾಕಾ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ತಂತಿ ಲಗ್ಗಿನಿಂದ ಬಾಳೆನಾರಿನಂತೆ ಕಳಚಿ ಕೈಗೆ ಬಂತು. ಕಪ್ಪುಗಟ್ಟಿದ ಭಾಗ ಕತ್ತರಿಸಿ, ಹೊಸ ಲಗ್ ಒತ್ತಿ ಬೆಸುಗೆ ಹಾಕಿ, ಗೇರ್‌ಬಾಕ್ಸಿನ ಮೈಯನ್ನು ಹೊಳೆಯುವ ತನಕ ಪಾಲಿಶ್ ಪೇಪರಿನಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರು. ಕೀಲಿ ತಿರುಗಿಸಿದಾಗ ಚೆಕ್ ಲೈಟ್ ಹೊತ್ತಿತು. ಅವರು ತೆಗೆದುಕೊಂಡದ್ದು ಮುನ್ನೂರು ರೂಪಾಯಿ, ಚಹಾ ನನ್ನದು.

ನೀವು ಮಾಡುವಾಗ ಕ್ರಮ ಹೀಗಿರಲಿ. ಕೀಲಿ ಆಫ್ ಮಾಡಿ, ಬ್ಯಾಟರಿ ಮೈನಸ್ ಬಿಚ್ಚಿ, ಇಸಿಎಂ ಕಪ್ಲರ್ ತೆಗೆಯಿರಿ. ಮೈನಸ್ ಮತ್ತೆ ಹಾಕಿ. ಬಲ್ಬಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕಪ್ಲರಿನ ಒಂದೊಂದು ಅರ್ಥ್ ಪಿನ್ನಿಗೆ. ಇಸಿಎಂಗೆ ಒಂದಲ್ಲ, ಎರಡೋ ನಾಲ್ಕೋ ಅರ್ಥ್ ಇರುತ್ತವೆ, ಪ್ರತಿಯೊಂದನ್ನೂ ನೋಡಬೇಕು. ಆಮೇಲೆ ಬಲ್ಬಿನ ಒಂದು ತುದಿಯನ್ನು ಬ್ಯಾಟರಿ ಮೈನಸ್‌ಗೆ ಹಾಕಿ ಪವರ್ ಪಿನ್ನುಗಳನ್ನು ನೋಡಿ: ಒಂದು ಕೀಲಿ ಇಲ್ಲದಿದ್ದರೂ ಸದಾ ಇರುವ ಪವರ್, ಇನ್ನೊಂದು ಕೀಲಿ ಹಾಕಿದಾಗ ಬರುವುದು, ಮತ್ತೊಂದು ಮೇನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಮೂಲಕ ಬರುವುದು. ಮೀಟರಿನ ದಪ್ಪ ಮುಳ್ಳನ್ನು ಕಪ್ಲರಿನ ಹೆಣ್ಣು ಟರ್ಮಿನಲ್ಲಿನೊಳಗೆ ತುರುಕಬೇಡಿ. ಅದು ಅಗಲಗೊಂಡರೆ ನಾಳೆ ಹೊಸದೊಂದು ರೋಗ. ಸೀರೆ ಪಿನ್ ಇರುವುದು ಅದಕ್ಕೇ.

ಇಲ್ಲಿ ಬಹಳ ಜನ ಎಡವುವ ಒಂದು ಕಲ್ಲಿದೆ. ಎಷ್ಟೋ ಕಾರುಗಳಲ್ಲಿ ಮೇನ್ ರಿಲೇಯನ್ನು ಎಳೆಯುವುದೇ ಇಸಿಎಂ. ಕಪ್ಲರ್ ಬಿಚ್ಚಿದ ಮೇಲೆ ರಿಲೇ ಕೂರುವುದೇ ಇಲ್ಲ, ಆ ಪಿನ್ನಿನಲ್ಲಿ ಪವರ್ ಕಾಣುವುದಿಲ್ಲ. ಅದನ್ನು ನೋಡಿ ವೈರಿಂಗ್ ಕಡಿದಿದೆ ಎಂದು ಇಡೀ ಡ್ಯಾಶ್‌ಬೋರ್ಡ್ ಬಿಚ್ಚಿದವರಿದ್ದಾರೆ. ರಿಲೇ ತೆಗೆದು ಅದರ ಸಾಕೆಟ್ಟಿನ 30 ಮತ್ತು 87ನೇ ಜಾಗವನ್ನು ಫ್ಯೂಸ್ ಇರುವ ತುಂಡು ವೈರಿನಿಂದ ಕೂಡಿಸಿ ನೋಡಿ. ಆಗ ಬಲ್ಬ್ ಚೆನ್ನಾಗಿ ಉರಿದರೆ ಅಲ್ಲಿಂದ ಇಸಿಎಂ ತನಕದ ತಂತಿ ಸರಿಯಿದೆ. ರಿಲೇ ಕೆಟ್ಟಿರಬಹುದೆಂಬ ಅನುಮಾನಕ್ಕೆ ಅದೇ ನಂಬರಿನ ಪಕ್ಕದ ರಿಲೇ ಬದಲಿಸಿ ನೋಡಿದರೆ ಉತ್ತರ ಸಿಗುತ್ತದೆ.

ಕಪ್ಲರ್ ಮತ್ತೆ ಕೂರಿಸಿದ ಮೇಲೆ ಇನ್ನೊಂದು ಅಳತೆ. ಮೀಟರಿನ ಕಪ್ಪು ತುದಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಕೆಂಪು ತುದಿಗೆ ಸೀರೆ ಪಿನ್ ಸಿಕ್ಕಿಸಿ ಕಪ್ಲರಿನ ಹಿಂಬದಿಯಿಂದ ಇಸಿಎಂನ ಅರ್ಥ್ ತಂತಿಗೆ. ಕೀಲಿ ಆನ್ ಮಾಡಿ, ಹೆಡ್‌ಲೈಟ್ ಹಚ್ಚಿ. 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಆ ದಾರಿಯಲ್ಲಿ ಎಲ್ಲೋ ಕಿಲುಬಿದೆ. ತಂತಿಯ ಸಿಪ್ಪೆಗೆ ಚುಚ್ಚಿ ನೋಡುವ ಅಭ್ಯಾಸ ಬಿಡಿ. ಆ ತೂತಿನಿಂದ ಇಳಿದ ನೀರು ತಂತಿಯನ್ನು ಒಳಗೊಳಗೇ ತಿನ್ನುತ್ತದೆ.

5 ವೋಲ್ಟಿನ ತಂತಿ

ಪವರ್ ಮತ್ತು ಅರ್ಥ್ ಎರಡೂ ಸರಿಯಿದ್ದರೂ ಇಸಿಎಂ ಸತ್ತಂತೆ ಬಿದ್ದಿದ್ದರೆ ಇದನ್ನು ನೋಡಿ. ಥ್ರಾಟಲ್, ಮ್ಯಾಪ್ (ಇನ್‌ಟೇಕ್ ಕೊಳವೆಯ ಗಾಳಿಯ ಒತ್ತಡ ಅಳೆಯುವುದು) ಮುಂತಾದ ಮೂರು ತಂತಿಯ ಸೆನ್ಸರುಗಳಿಗೆ ಇಸಿಎಂ ತನ್ನ ಕಡೆಯಿಂದ 5 ವೋಲ್ಟ್ ಕೊಡುತ್ತದೆ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೂ ಆ ತಂತಿಯೇ ನೆಲಕ್ಕೆ ಬೀಳುತ್ತದೆ, ಉಳಿದವರೆಲ್ಲ ಉಪವಾಸ. ಥ್ರಾಟಲ್ ಸೆನ್ಸರಿನ ಕಪ್ಲರಿನಲ್ಲಿ ಮೀಟರ್ ಇಟ್ಟು, ಒಂದೊಂದೇ ಸೆನ್ಸರಿನ ಕಪ್ಲರ್ ಬಿಚ್ಚುತ್ತ ಹೋಗಿ. ಎಸಿಯ ಗ್ಯಾಸ್ ಒತ್ತಡ ನೋಡುವ ಸೆನ್ಸರನ್ನು ಮರೆಯಬೇಡಿ, ಹಲವು ಗಾಡಿಗಳಲ್ಲಿ ಅದೂ ಇದೇ ಪಂಕ್ತಿಯಲ್ಲಿ ಕೂತಿರುತ್ತದೆ. ಯಾವುದನ್ನು ಬಿಚ್ಚಿದಾಗ ಅಂಕಿ 5ಕ್ಕೆ ಜಿಗಿಯುತ್ತದೋ ಅದೇ ಅಪರಾಧಿ. ಎಲ್ಲವನ್ನೂ ಬಿಚ್ಚಿದರೂ ಏಳದಿದ್ದರೆ ಇಸಿಎಂ ಕಪ್ಲರ್ ತೆಗೆದು ಆ ತಂತಿ ಬಾಡಿಗೆ ತಗಲಿದೆಯೇ ಎಂದು ಓಮ್ ಅಳತೆಯಲ್ಲಿ ನೋಡಿ. ತಂತಿಯೂ ಶುದ್ಧವಿದ್ದರೆ, ಪೆಟ್ಟಿಗೆಯ ಮೇಲೆ ಬೆರಳು ತೋರಿಸಲು ನಿಮಗೆ ಈಗ ಹಕ್ಕು ಬಂತು.

ಇಸಿಎಂ ಸೆನ್ಸರಿನ ಮಾತು ಕೇಳಿಸಿಕೊಳ್ಳುತ್ತಿದೆಯೇ ಎಂದು ತಿಳಿಯಲು ನನಗೆ ಬಹಳ ಇಷ್ಟವಾದ ಪರೀಕ್ಷೆಯೊಂದಿದೆ. ಸ್ಕ್ಯಾನರಿನಲ್ಲಿ ಎಂಜಿನ್ ನೀರಿನ ತಾಪಮಾನ ನೋಡುತ್ತ, ಎರಡು ತಂತಿಯ ಆ ಸೆನ್ಸರಿನ ಕಪ್ಲರ್ ಬಿಚ್ಚಿ. ಅಂಕಿ ಮೈನಸ್ 40 ಡಿಗ್ರಿಗೆ ಇಳಿಯುತ್ತದೆ. ಹುಬ್ಬಳ್ಳಿ ಒಂದು ಕ್ಷಣ ಸಿಯಾಚಿನ್ ಆಗುತ್ತದೆ. ಈಗ ಕಪ್ಲರಿನ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಕೂಡಿಸಿ. ಅಂಕಿ 120 ಡಿಗ್ರಿಯನ್ನೂ ದಾಟಿ ಮೇಲಕ್ಕೆ ಹಾರುತ್ತದೆ. ಎರಡೂ ಆದರೆ ತಂತಿಯೂ ಇಸಿಎಂನ ಕಿವಿಯೂ ಸರಿಯಿವೆ, ಬದಲಿಸಬೇಕಾದದ್ದು ಸೆನ್ಸರ್ ಮಾತ್ರ. ಕೆಲವು ಗಾಡಿಗಳು ದೋಷ ಕಂಡ ತಕ್ಷಣ ತಮ್ಮದೇ ಬದಲಿ ಅಂಕಿಯನ್ನು ತೋರಿಸುತ್ತವೆ, ಆದ್ದರಿಂದ ಬಿಚ್ಚಿದ ಕ್ಷಣದಲ್ಲೇ ಕಣ್ಣಿಡಿ. ಮೂರು ತಂತಿಯ ಸೆನ್ಸರುಗಳ ಮೇಲೆ ಈ ಆಟ ಬೇಡ.

ನೀರು, ಇಲಿ, ಎರೆ ಮಣ್ಣು

ಧಾರವಾಡದಲ್ಲಿ ಮರದ ಕೆಳಗೆ ಗಾಡಿ ನಿಲ್ಲಿಸುವವರು ಬಾನೆಟ್ ಎತ್ತಿ ವೈಪರಿನ ಕೆಳಗಿನ ಕಾಲುವೆಯನ್ನು ನೋಡಬೇಕು. ಎಲೆ ಕೊಳೆತು ಅಲ್ಲಿಯ ತೂತು ಕಟ್ಟಿಕೊಂಡರೆ ಮಳೆನೀರು ಒಳಗೆ ದಾರಿ ಹುಡುಕುತ್ತದೆ. ಹಲವು ಹಳೆಯ ಕಾರುಗಳಲ್ಲಿ ಇಸಿಎಂ ಇರುವುದು ಡ್ಯಾಶ್‌ಬೋರ್ಡಿನ ಕೆಳಗೆ, ಸರಿಯಾಗಿ ಆ ನೀರಿನ ಹಾದಿಯಲ್ಲಿ. ಎಡಗಡೆಯ ಕಾಲು ಚಾಪೆಯ ಅಡಿ ಕೈಯಿಟ್ಟು ನೋಡಿ. ಒದ್ದೆಯಿದ್ದರೆ ಎಸಿಯ ನೀರು ಹೊರಹೋಗುವ ಪೈಪು ಕಟ್ಟಿರಬಹುದು.

ಅಣ್ಣಿಗೇರಿಯ ಪರಿಚಿತರೊಬ್ಬರ ಕಾರು ಮೂರೇ ಸಿಲಿಂಡರಿನಲ್ಲಿ ಓಡುತ್ತಿತ್ತು. ಕೋಡ್ ಪಿ0203, ಮೂರನೆಯ ಇಂಜೆಕ್ಟರಿನ ಸರ್ಕ್ಯೂಟ್. ಅಲ್ಲಿಯೂ ಇಸಿಎಂ ಮೇಲೆಯೇ ಅಪವಾದ ಬಂದಿತ್ತು. ಇನ್‌ಟೇಕ್ ಕೊಳವೆಯ ಅಡಿ ಟಾರ್ಚ್ ಹಾಕಿದರೆ ಇಲಿಯ ಸಂಸಾರ: ಗೋದಾಮಿನಿಂದ ತಂದ ಹತ್ತಿಯ ಹಾಸಿಗೆ, ಒಂದು ಹಿಡಿ ಶೇಂಗಾ ಸಿಪ್ಪೆ, ಪಕ್ಕದಲ್ಲಿ ಕಡಿದ ಇಂಜೆಕ್ಟರ್ ತಂತಿ. ಅಂಥ ತಂತಿಯನ್ನು ಬರೀ ಹೊಸೆದು ಟೇಪ್ ಸುತ್ತಬೇಡಿ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ಏರಿಸಿ. ನಾಲ್ಕಾರು ತಂತಿ ಕಡಿದಿದ್ದರೆ ಜೋಡಣೆಗಳು ಒಂದೇ ಸಾಲಿನಲ್ಲಿ ಬರದಂತೆ ಹಿಂದುಮುಂದು ಮಾಡಿ.

ಗದಗ, ನವಲಗುಂದದ ಕಡೆ ಓಡಾಡುವ ಗಾಡಿಗಳ ಕಪ್ಲರಿನಲ್ಲಿ ಎರೆ ಮಣ್ಣಿನ ಧೂಳು ಕೂತಿರುತ್ತದೆ. ಒಣಗಿದ್ದಾಗ ಪೌಡರು, ತೇವ ಸಿಕ್ಕಿದರೆ ಅಂಟು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪೂರ್ತಿ ಆರಿದ ಮೇಲೆ ಕೂರಿಸಿ. ವಾಷಿಂಗ್ ಅಂಗಡಿಯಲ್ಲಿ ಬಾನೆಟ್ ಎತ್ತಿ ಪ್ರೆಷರ್ ನೀರು ಹೊಡೆಸುವ ಷೋಕಿ ಇದ್ದರೆ ಇಂದೇ ಬಿಡಿ.

ಆಗಾಗ ಬಂದು ಹೋಗುವ ದೋಷಕ್ಕೆ ಎಂಜಿನ್ ಓಡುತ್ತಿರುವಾಗ ವೈರಿಂಗ್ ಗೊಂಚಲನ್ನು ಅಲ್ಲಲ್ಲಿ ಮೆಲ್ಲಗೆ ಅಲುಗಿಸಿ, ಇಸಿಎಂ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, ಕೂದಲು ಒಣಗಿಸುವ ಯಂತ್ರದಿಂದ ಪೆಟ್ಟಿಗೆಗೆ ಬಿಸಿ ಗಾಳಿ ಹಾಯಿಸಿ. ತಟ್ಟಿದಾಗ ಎಂಜಿನ್ ತಡವರಿಸಿದರೆ ಒಳಗೆ ಬೆಸುಗೆ ಬಿರಿದಿರಬಹುದು.

ಪೆಟ್ಟಿಗೆ ತೆರೆಯುವುದು

ಇಷ್ಟಾದ ಮೇಲೆ ಮಾತ್ರ. ಅದಕ್ಕೂ ಮೊದಲು ಇಂಜೆಕ್ಟರ್ ಮತ್ತು ಕಾಯಿಲುಗಳ ಓಮ್ ಅಳೆಯಿರಿ. ಈ ಕಾಲದ ಸಾಮಾನ್ಯ ಇಂಜೆಕ್ಟರುಗಳು 12ರಿಂದ 16 ಓಮ್ ತೋರಿಸುತ್ತವೆ. ಒಂದು ಮಾತ್ರ ಎರಡೋ ಮೂರೋ ತೋರಿಸಿದರೆ ಅದೇ ಇಸಿಎಂ ಒಳಗಿನ ಟ್ರಾನ್ಸಿಸ್ಟರನ್ನು ಸುಟ್ಟಿರಬಹುದು. ಅದನ್ನು ಬಿಟ್ಟು ಪೆಟ್ಟಿಗೆ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಬ್ಯಾಟರಿ ಬಿಚ್ಚಿ, ಪೆಟ್ಟಿಗೆ ಹೊರತೆಗೆದು ಒಣಗಿದ ಮರದ ಮೇಜಿನ ಮೇಲಿಡಿ. ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲು ಅರ್ಥ್ ಆಗಿರುವ ಲೋಹ ಮುಟ್ಟಿ, ನೈಲಾನ್ ಬಟ್ಟೆಯಲ್ಲಿ ಕೂರಬೇಡಿ. ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡಿ. ಸುಟ್ಟ ವಾಸನೆ ಇದ್ದರೆ ಕಪ್ಪಾದ ಟ್ರಾನ್ಸಿಸ್ಟರ್ ಎಲ್ಲೋ ಕಾಯುತ್ತಿದೆ. ಮೀನಿನಂಥ ವಾಸನೆ ಬಂದರೆ ಕೆಪಾಸಿಟರಿನ ರಸ ಸೋರಿದೆ. ಅದರ ಬುಡದಲ್ಲಿ ಬೋರ್ಡ್ ಮಂಕಾಗಿ ಒದ್ದೆಯಂತೆ ಕಾಣುತ್ತದೆ. ಕಪ್ಲರಿನ ದಪ್ಪ ಪಿನ್ನುಗಳ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ. ಪಿನ್ನಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಉಂಗುರ ಕಂಡರೆ ಅದೇ ಬಿರುಕು.

ಬೆಸುಗೆಯ ಕೈ ಪಳಗಿದವರು ಕೆಪಾಸಿಟರ್ ಬದಲಿಸಬಹುದು: ಮೈಕ್ರೊಫ್ಯಾರಡ್ ಅದೇ, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯ ಜಾತಿ, ಮೈನಸ್ ಗುರುತು ಸರಿಯಾದ ಕಡೆಗೆ. ಸೋರಿದ ರಸವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೃದು ಬ್ರಶ್‌ನಿಂದ ತೊಳೆಯಿರಿ. ಬಿರಿದ ಬೆಸುಗೆಯನ್ನು ಹೊಸ ಸೀಸ ಹಾಕಿ ಮತ್ತೆ ಕರಗಿಸಿ. ಮುಚ್ಚುವಾಗ ಹುಳಿ ವಾಸನೆಯ ಸಿಲಿಕೋನ್ ಬಳಸಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಜಾತಿ ಸಿಗುತ್ತದೆ. ಬೋರ್ಡಿನ ಮೇಲೆ ಮೆತ್ತನೆಯ ಜೆಲ್ ಸುರಿದಿದ್ದರೆ ಮುಚ್ಚಳ ಹಾಗೆಯೇ ಮುಚ್ಚಿ ರಿಪೇರಿಯವರಿಗೆ ಕಳಿಸಿ. ಅದು ನಮ್ಮ ನಿಮ್ಮ ಕೆಲಸವಲ್ಲ.

ಹಳೆಯ ಪೆಟ್ಟಿಗೆ ಕೊಳ್ಳುವುದಾದರೆ ಪಾರ್ಟ್ ನಂಬರಿನ ಕೊನೆಯ ಅಕ್ಷರವೂ ಹೊಂದಬೇಕು. ಇಮೊಬಿಲೈಜರ್ ಇರುವ ಗಾಡಿಗೆ ಇನ್ನೊಂದು ಗಾಡಿಯ ಇಸಿಎಂ ಸುಮ್ಮನೆ ಹಾಕಿದರೆ ಅದು ನಿಮ್ಮ ಕೀಲಿಯನ್ನು ಗುರುತಿಸುವುದಿಲ್ಲ. ಹಳೆಯ ಪೆಟ್ಟಿಗೆಯ ಮೆಮೊರಿ ಚಿಪ್ಪಿನಲ್ಲಿರುವ ಮಾಹಿತಿಯನ್ನು ಇದಕ್ಕೆ ಇಳಿಸಬೇಕಾಗುತ್ತದೆ. ಆದ್ದರಿಂದ ಸತ್ತ ಪೆಟ್ಟಿಗೆಯನ್ನು ಗುಜರಿಗೆ ಕೊಡಬೇಡಿ. ಬಿಲ್ ಇಲ್ಲದ ಮಾಲು ಎಷ್ಟೇ ಅಗ್ಗವಾದರೂ ಬೇಡ, ಅದು ಯಾರ ಗಾಡಿಯಿಂದ ಬಂತೋ ಹೇಳಲಾಗದು.

ಪವರ್ ಸ್ಟಿಯರಿಂಗ್ ಮತ್ತು ಎಬಿಎಸ್ ಮಾಡ್ಯೂಲುಗಳಿಗೂ ಕ್ರಮ ಇದೇ. ವಿದ್ಯುತ್ ಸ್ಟಿಯರಿಂಗ್ ಹೆಚ್ಚು ಕರೆಂಟ್ ಎಳೆಯುವುದರಿಂದ ಬ್ಯಾಟರಿ, ಅರ್ಥ್ ದುರ್ಬಲವಾದಾಗ ಮೊದಲು ಮುನಿಸಿಕೊಳ್ಳುವುದು ಅದೇ. ಆದರೆ ಎಬಿಎಸ್ ಪೆಟ್ಟಿಗೆಯನ್ನು ಮನೆಯಲ್ಲಿ ತೆರೆಯಬೇಡಿ, ಬ್ರೇಕಿನ ವಿಷಯದಲ್ಲಿ ಪ್ರಯೋಗ ಸಲ್ಲದು.

ಕೆಲಸ ಮುಗಿದು ಬ್ಯಾಟರಿ ಹಾಕಿದ ಮೇಲೆ ಕೋಡ್ ಅಳಿಸಿ, ಎಸಿ ಹಾಕದೆ ಹತ್ತು ನಿಮಿಷ ಎಂಜಿನನ್ನು ಐಡಲ್‌ನಲ್ಲಿ ಬಿಡಿ. ಐಡಲ್ ಸ್ವಲ್ಪ ಏರಿಳಿದರೆ ಗಾಬರಿ ಬೇಡ, ಇಸಿಎಂ ಮತ್ತೆ ಕಲಿಯುತ್ತಿರುತ್ತದೆ. ಗಬ್ಬೂರು ಬೈಪಾಸಿನ ತನಕ ಹೋಗಿ ಬಂದು, ಎಂಜಿನ್ ಬಿಸಿಯಿರುವಾಗಲೇ ಇನ್ನೊಮ್ಮೆ ಕೋಡ್ ಓದಿ. ಏನೂ ಇಲ್ಲದಿದ್ದರೆ ತಾರೀಖು, ಕಿಲೋಮೀಟರ್, ಮಾಡಿದ ಕೆಲಸ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿ ಇಡಿ. ನನ್ನ ಕಾರಿನ ಚೀಟಿಯಲ್ಲಿ ಆ ಜುಲೈನ ಸಾಲಿಗೆ "ಗೇರ್‌ಬಾಕ್ಸ್ ಅರ್ಥ್, ಲಗ್ ಹೊಸದು" ಎಂದಷ್ಟೇ ಇದೆ. ಇಸಿಎಂ ಇನ್ನೂ ಕಂಪನಿಯಿಂದ ಬಂದದ್ದೇ.